ಱ, ೞ ಅಕ್ಷರಗಳ ರಕ್ಷಣೆ ಮತ್ತು ಗಣಕದ ಫಾಂಟ್

ಹಳಗನ್ನಡ ಗ್ರಂಥಗಳ ಪಾಠಶುದ್ಧಿಯನ್ನು ಅಳೆಯುವ ಮೊದಲ ಒರೆಗಲ್ಲು ಱಕಾರ ಮತ್ತು ೞಕಾರಗಳ ರಕ್ಷಣೆಯೆಂಬುದು ಹಸ್ತಪ್ರತಿಗಳಲ್ಲಿ ಪರಿಶ್ರಮವುಳ್ಳ ವಿದ್ವಾಂಸರಿಗೆ ವಿದಿತವೇ ಆಗಿದೆ. ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಜೀವಿಸು. ‘ಅರಿ’ ಎಂದರೆ ಶತ್ರು, ‘ಅಱಿ’ ಎಂದರೆ ತಿಳಿ. ಕೂಗಿ ಕರೆಯುವುದು ರಕಾರದಿಂದ, ಹಾಲು ಕಱೆಯುವುದು ಱಕಾರದಿಂದ. ಮೂಱು, ಆಱು, ಏೞು, ನೂಱು ಎಂಬ ಸಂಖ್ಯಾವಾಚಕಗಳಲ್ಲಿಯೂ ಈ ಅಕ್ಷರಗಳೇ ನೆಲೆಸಿವೆ. ಓಲೆಗರಿಯಲ್ಲಿ ಉಳಿದು ಬಂದ ಈ ಭೇದವು ಅಚ್ಚಿನಲ್ಲಿ ಎಷ್ಟು ಉಳಿಯಿತು, ಗಣಕದಲ್ಲಿ ಎಷ್ಟು ಉಳಿಯುತ್ತಿದೆ, ಅದನ್ನು ಉಳಿಸಿಕೊಳ್ಳಲು ಸಂಪಾದಕನು ತನ್ನ ಬರವಣಿಗೆಯ ಉಪಕರಣವನ್ನು ಹೇಗೆ ಸಜ್ಜುಗೊಳಿಸಬೇಕು ಎಂಬುದರ ವಿವೇಚನೆ ಪ್ರಸ್ತುತ ಲೇಖನದ ವಿಷಯ.

ಈ ಅಕ್ಷರಗಳ ಕುರಿತಾದ ಚಿಂತೆ ಹೊಸತಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸುವ ವೇಳೆಗೆ ೞಕಾರವು ಆಡುಮಾತಿನಿಂದ ಬಹುಮಟ್ಟಿಗೆ ಜಾರಿಹೋಗಿತ್ತು. ಸ್ವರದ ಮುಂದೆ ಅದು ಳಕಾರದಲ್ಲಿ ಲೀನವಾಯಿತು. ವ್ಯಂಜನದ ಮುಂದೆ ರೇಫವಾಗಿ, ಬಳಿಕ ಆ ವ್ಯಂಜನದ ದ್ವಿತ್ವದಲ್ಲಿ ಅಡಗಿತು. ‘ಗೞ್ದೆ’ಯು ‘ಗರ್ದೆ’ಯಾಗಿ ‘ಗದ್ದೆ’ಯಾದುದೂ, ‘ಎೞ್ದು’ ಎಂಬುದು ‘ಎರ್ದು’ ಆಗಿ ‘ಎದ್ದು’ ಆದುದೂ ಇದೇ ಕ್ರಮದಿಂದ. ಕಿವಿಯಿಂದ ತಿಳಿಯದ ಭೇದವನ್ನು ಪಟ್ಟಿಯಿಂದಾದರೂ ತಿಳಿಯಲೆಂದು ಕೇಶಿರಾಜನು ರಳ, ಕುಳ, ಕ್ಷಳಗಳನ್ನು ವಿಂಗಡಿಸಿ, ೞಕಾರವುಳ್ಳ ಶಬ್ದಗಳನ್ನು ಸಂಗ್ರಹಿಸಿಕೊಟ್ಟನು. ಪ್ರಾಸಸ್ಥಾನದಲ್ಲಿ ಈ ಅಕ್ಷರಗಳು ಬೆರೆತರೆ ಪದ್ಯವೇ ಕೆಡುವುದರಿಂದ ಕವಿಗಳಿಗೆ ಅದು ಅನಿವಾರ್ಯವಾಗಿತ್ತು. ಇಂದಿನ ಸಂಪಾದಕನಿಗೂ ಆ ಪಟ್ಟಿಯೇ ಆಶ್ರಯ.

ಈಚಿನ ಲಿಪಿಕಾರರು ತಮ್ಮ ಕಾಲದ ಉಚ್ಚಾರಣೆಗೆ ಅನುಗುಣವಾಗಿ ರಕಾರ ಳಕಾರಗಳನ್ನು ಬರೆದಿರುವ ಪ್ರತಿಗಳು ವಿಪುಲವಾಗಿವೆ. ಇಲ್ಲಿ ಸಂಪಾದಕನ ಕರ್ತವ್ಯ ಎರಡು ಬಗೆಯದು: ಪ್ರತಿಯಲ್ಲಿರುವುದನ್ನು ಇರುವಂತೆಯೇ ದಾಖಲಿಸುವುದು ಒಂದು, ಪ್ರಾಸ, ವ್ಯಾಕರಣಗಳ ಬಲದಿಂದ ಕವಿಪಾಠವನ್ನು ನಿರ್ಣಯಿಸುವುದು ಇನ್ನೊಂದು. ಇವೆರಡಕ್ಕೂ ಅಕ್ಷರವು ಸಂಪಾದಕನ ಕೈಗೆ ಸಿಗುವಂತಿರಬೇಕು. ಇಲ್ಲದಿದ್ದರೆ ಪಾಠನಿರ್ಣಯವನ್ನು ವಿದ್ವತ್ತಿನ ಬದಲು ಉಪಕರಣವೇ ಮಾಡಿಬಿಡುತ್ತದೆ.

ಅಚ್ಚಿನ ಕಾಲದಲ್ಲಿ ಈ ಮಾತಿನ ಸತ್ಯ ಚೆನ್ನಾಗಿ ಗೋಚರವಾಯಿತು. 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣದಿಂದ ಕನ್ನಡ ಅಚ್ಚುಮೊಳೆಗಳ ಇತಿಹಾಸವನ್ನು ಎಣಿಸುವುದು ವಾಡಿಕೆ. ಹಳಗನ್ನಡಕ್ಕೆ ಬೇಕಾದ ಅಕ್ಷರಗಳ ದೃಷ್ಟಿಯಿಂದ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಗಳು ಗಮನಾರ್ಹ. ಕಿಟ್ಟೆಲರು 1872ರಲ್ಲಿ ‘ಶಬ್ದಮಣಿದರ್ಪಣ’ವನ್ನೂ 1894ರಲ್ಲಿ ತಮ್ಮ ಬೃಹತ್ ನಿಘಂಟನ್ನೂ ಪ್ರಕಟಿಸಿದರು. ಱ, ೞಗಳ ಮೊಳೆಗಳಿಲ್ಲದೆ ಆ ನಿಘಂಟಿನ ಅಕಾರಾದಿಯೇ ನಿಲ್ಲುತ್ತಿರಲಿಲ್ಲ. ಮೊಳೆಯ ಪೆಟ್ಟಿಗೆಯಲ್ಲಿ ಆ ಅಕ್ಷರವಿಲ್ಲದ ಮುದ್ರಣಾಲಯದಲ್ಲಾದರೋ ಮೊಳೆ ಜೋಡಿಸುವವನು ಪಕ್ಕದ ಮನೆಯ ಳಕಾರವನ್ನು ಇಡುವುದಲ್ಲದೆ ಬೇರೆ ಮಾರ್ಗವಿರಲಿಲ್ಲ. ಹಾಗೆ ಅಚ್ಚಾದ ಪುಸ್ತಕವನ್ನು ನೋಡಿ, ಮೂಲಪ್ರತಿಯಲ್ಲಿಯೇ ಳಕಾರವಿತ್ತೋ ಮೊಳೆಯ ಅಭಾವದಿಂದ ಬಂದಿತೋ ಎಂದು ನಿರ್ಣಯಿಸಲು ಸಾಧ್ಯವಿಲ್ಲ.

ಗಣಕದ ಕಾಲದಲ್ಲಿ ಮೊಳೆಯ ಸ್ಥಾನವನ್ನು ಫಾಂಟ್ ಆಕ್ರಮಿಸಿತು. ಆದರೆ ಒಂದು ಮೂಲಭೂತ ವ್ಯತ್ಯಾಸವಿದೆ. ಅಚ್ಚಿನಲ್ಲಿ ಮೊಳೆಯೇ ಅಕ್ಷರ. ಗಣಕದಲ್ಲಿ ಅಕ್ಷರವೆಂದರೆ ಒಂದು ಸಂಕೇತಸಂಖ್ಯೆ, ಫಾಂಟ್ ಆ ಸಂಖ್ಯೆಗೆ ತೊಡಿಸುವ ಆಕಾರ ಮಾತ್ರ. ಈ ಭೇದವನ್ನು ಲಕ್ಷಿಸದೆ 1990ರ ದಶಕದಲ್ಲಿ ಬಳಕೆಗೆ ಬಂದ ಅನೇಕ ಕನ್ನಡ ಫಾಂಟುಗಳು ರೋಮನ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕಾರಗಳನ್ನು ತೊಡಿಸಿದ್ದುವು. ಒಂದೊಂದರ ಕ್ರಮವೂ ಬೇರೆ. ಅಂಥ ಫಾಂಟಿನಲ್ಲಿ ಬೆರಳಚ್ಚಾದ ಗ್ರಂಥವು ಆ ಫಾಂಟ್ ಇರುವವರೆಗೆ ಕನ್ನಡ. ಅದು ಇಲ್ಲದ ಗಣಕದಲ್ಲಿ ಅರ್ಥಹೀನವಾದ ರೋಮನ್ ಅಕ್ಷರಗಳ ರಾಶಿ. ಓಲೆಗೆ ಹುಳು ಹಿಡಿದರೂ ಉಳಿದ ಗರಿ ಓದಲು ಬರುತ್ತದೆ. ಇಲ್ಲಿ ಗರಿಯೆಲ್ಲ ಅಕ್ಷತವಾಗಿದ್ದು ಓದು ಮಾತ್ರ ನಷ್ಟವಾಗುತ್ತದೆ.

ಭಾರತೀಯ ಲಿಪಿಗಳಿಗೆ ಸಮಾನ ಸಂಕೇತಕ್ರಮವನ್ನು ಕಲ್ಪಿಸಿದ ‘ಇಸ್ಕಿ’ ಎಂಬ ಪದ್ಧತಿಯು 1991ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷ ಪ್ರಕಟವಾದ ಯೂನಿಕೋಡ್ ಪದ್ಧತಿಯು 1988ರ ಇಸ್ಕಿಯನ್ನು ಆಧರಿಸಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಕಾಲಕ್ರಮದಲ್ಲಿ ಹಸ್ತಪ್ರತಿ ಮತ್ತು ಶಾಸನಗಳ ಚಿಹ್ನೆಗಳೂ ಅಲ್ಲಿ ಸೇರಿದುವು. ಅವಗ್ರಹವು 2003ರಲ್ಲಿ, ಜಿಹ್ವಾಮೂಲೀಯ ಉಪಧ್ಮಾನೀಯಗಳು 2006ರಲ್ಲಿ, ಗ್ರಂಥಾರಂಭದ ‘ಸಿದ್ಧಂ’ ಚಿಹ್ನೆಯು 2018ರಲ್ಲಿ, ನಕಾರಪೊಲ್ಲು 2021ರಲ್ಲಿ ಸ್ಥಾನ ಪಡೆದುವು. ಹಳಗನ್ನಡದ ಸಂಪಾದಕನಿಗೆ ಇದು ಅಲ್ಪ ಲಾಭವಲ್ಲ.

ೞಕಾರಕ್ಕೆ ದೊರೆತ ಸ್ಥಾನದ ಕಥೆ ವಿಚಿತ್ರವಾದುದು. ತಮಿಳು ಮಲಯಾಳಗಳಲ್ಲಿ ಈ ಅಕ್ಷರವು ಳಕಾರದ ನೆರೆಯಲ್ಲಿಯೇ ಇದೆ. ಕನ್ನಡದಲ್ಲಿ ಆ ಸ್ಥಾನ ಬರಿದಾಗಿದ್ದು, ದೇವನಾಗರಿಯಲ್ಲಿ ಚುಕ್ಕೆಯುಳ್ಳ ಫಕಾರವು ಇರುವ ಸ್ಥಾನಕ್ಕೆ ಸಮನಾದ ‘0ಸಿಡಿಇ’ ಎಂಬಲ್ಲಿ ೞಕಾರವು ಕುಳಿತಿದೆ. ಅದರ ಹೆಸರೂ ಆಂಗ್ಲದಲ್ಲಿ ‘ಫ’ ಎಂಬ ಉಚ್ಚಾರಣೆಯುಳ್ಳದ್ದಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡ್ ಪದ್ಧತಿಯ ನಿಯಮವಾದುದರಿಂದ ತಪ್ಪು ಹೆಸರನ್ನು ಅಳಿಸದೆ, ಸರಿಯಾದ ಹೆಸರನ್ನು ಉಪನಾಮವಾಗಿ ಪಕ್ಕದಲ್ಲಿ ಸೇರಿಸಲಾಗಿದೆ. ಮೂಲದ ತಪ್ಪನ್ನು ಹಾಗೆಯೇ ಇರಿಸಿ ಅಂಚಿನಲ್ಲಿ ಶುದ್ಧಪಾಠವನ್ನು ಬರೆಯುವ ಪ್ರಾಚೀನ ಶೋಧಕರ ಕ್ರಮವೇ ಇಲ್ಲಿಯೂ ನಡೆದಿದೆ. ಹೆಸರಿನಿಂದ ಅಕ್ಷರವನ್ನು ಹುಡುಕುವವರು ಈ ಸಂಗತಿಯನ್ನು ತಿಳಿದಿರಬೇಕು.

ಇನ್ನು ಬರವಣಿಗೆಯ ಉಪಕರಣದ ವಿಚಾರ. ಶಾಸ್ತ್ರೀಯ ಸಂಪಾದನೆಯಲ್ಲಿ ಪಾಠ, ಪಾಠಾಂತರ, ಲುಪ್ತಭಾಗ, ಗರಿಯ ಸಂಖ್ಯೆ ಇವುಗಳನ್ನು ಗುರುತುಪಟ್ಟಿಗಳಿಂದ ವಿಂಗಡಿಸಿಡುವ ಕ್ರಮ ಈಗ ಪ್ರಚಲಿತವಾಗಿದೆ. ಇಂಥ ಬರವಣಿಗೆಗೆ ಸಾಮಾನ್ಯ ಪತ್ರಲೇಖನದ ತಂತ್ರಾಂಶಕ್ಕಿಂತ, ಗಣಕದ ಕ್ರಮವಿಧಿಗಳನ್ನು ಬರೆಯುವವರು ಬಳಸುವ ಕೋಡ್ ಎಡಿಟರ್ ಹೆಚ್ಚು ಉಪಯುಕ್ತ. ಅದು ಬರೆದುದನ್ನು ಬರೆದಂತೆ ಇಡುತ್ತದೆ, ಅಲಂಕಾರವನ್ನು ಸೇರಿಸುವುದಿಲ್ಲ. ಆದರೆ ಇಂಥ ಉಪಕರಣಗಳು ಎಲ್ಲ ಅಕ್ಷರಗಳೂ ಸಮಾನ ಅಗಲವುಳ್ಳ ರೋಮನ್ ಫಾಂಟನ್ನು ಉದ್ದೇಶಿಸಿ ರಚಿತವಾದುವು. ಅಗಲದಲ್ಲಿ ಅಸಮವೂ ಒತ್ತಕ್ಷರಗಳಿಂದ ಕೆಳಕ್ಕೆ ಇಳಿಯುವುದೂ ಆದ ಕನ್ನಡ ಲಿಪಿಗೆ ಅವು ತಾವಾಗಿಯೇ ಒಗ್ಗುವುದಿಲ್ಲ, ಒಗ್ಗಿಸಬೇಕು.

ಈ ದಿಕ್ಕಿನ ಪ್ರಯತ್ನಕ್ಕೂ ಒಂದು ಚರಿತ್ರೆಯಿದೆ. ರಿಚರ್ಡ್ ಸ್ಟಾಲ್ಮನ್ ರಚಿಸಿದ ‘ಗ್ನೂ ಈಮ್ಯಾಕ್ಸ್’ 1985ರಲ್ಲಿ ಹೊರಬಂದಿತು. ಅದಕ್ಕೆ ಬಹುಲಿಪಿಗಳ ಸಾಮರ್ಥ್ಯವನ್ನು ತಂದವರು ಜಪಾನಿನ ಸಂಶೋಧಕರು. ‘ಮ್ಯೂಲ್’ ಎಂಬ ಅವರ ಕೃತಿ 1997ರಲ್ಲಿ ಈಮ್ಯಾಕ್ಸಿನ 20ನೆಯ ಆವೃತ್ತಿಯಲ್ಲಿ ಐಕ್ಯವಾಯಿತು. ಒಂದೊಂದು ಲಿಪಿಗೆ ಒಂದೊಂದು ಫಾಂಟನ್ನು ನಿಯಮಿಸುವ ‘ಫಾಂಟ್‌ಸೆಟ್’ ವ್ಯವಸ್ಥೆ ಅದರಲ್ಲಿದೆ. ‘ಸೆಟ್-ಫಾಂಟ್‌ಸೆಟ್-ಫಾಂಟ್’ ಎಂಬ ಆದೇಶದಿಂದ, ಕನ್ನಡ ಲಿಪಿಗೆ ಮಾತ್ರ ಇಂಥ ಫಾಂಟ್ ಎಂದು ವಿಧಿಸಿದರೆ ರೋಮನ್ ಅಕ್ಷರಗಳು ತಮ್ಮ ಫಾಂಟಿನಲ್ಲಿಯೇ ಉಳಿಯುತ್ತವೆ. 2015ರಲ್ಲಿ ಮೊದಲು ಪ್ರಕಟವಾದ ‘ವಿಷುಯಲ್ ಸ್ಟುಡಿಯೊ ಕೋಡ್’ ಎಂಬುದರಲ್ಲಿ ಕ್ರಮ ಬೇರೆ. ಅದರ ಸೆಟ್ಟಿಂಗ್ಸ್‌ನಲ್ಲಿ ‘ಎಡಿಟರ್ ಫಾಂಟ್ ಫ್ಯಾಮಿಲಿ’ ಎಂಬಲ್ಲಿ ಫಾಂಟುಗಳ ಹೆಸರನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಸಾಲಾಗಿ ಬರೆಯಬೇಕು. ಮೊದಲನೆಯದರಲ್ಲಿ ಇಲ್ಲದ ಅಕ್ಷರವನ್ನು ಎರಡನೆಯದರಲ್ಲಿ ಹುಡುಕಲಾಗುತ್ತದೆ. ಆದುದರಿಂದ ಗುರುತುಪಟ್ಟಿಗಳಿಗಾಗಿ ಸಮಾನ ಅಗಲದ ರೋಮನ್ ಫಾಂಟನ್ನು ಮೊದಲು, ‘ನೋಟೋ ಸೆರಿಫ್ ಕನ್ನಡ’ದಂಥ ಯೂನಿಕೋಡ್ ಫಾಂಟನ್ನು ಅನಂತರ ಬರೆಯುವುದು ಉಚಿತ. ನಡುವೆ ತೆರಪುಳ್ಳ ಹೆಸರುಗಳನ್ನು ಉದ್ಧರಣಚಿಹ್ನೆಯೊಳಗೆ ಇಡಬೇಕು. ಸಾಲುಗಳ ನಡುವಣ ಎತ್ತರವನ್ನೂ ಹೆಚ್ಚಿಸದಿದ್ದರೆ ಮೇಲಿನ ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ.

ಫಾಂಟನ್ನು ಹೆಸರಿಸಿದ ಮಾತ್ರಕ್ಕೆ ಕಾರ್ಯ ಮುಗಿಯಲಿಲ್ಲ, ಅದನ್ನು ಪರೀಕ್ಷಿಸಬೇಕು. ‘ಪೇೞ್ದಂ’ ಎಂಬ ಪದವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗಣಕದಲ್ಲಿ ಇದು ಪಕಾರ, ಏತ್ವ, ೞಕಾರ, ಹಲಂತ, ದಕಾರ, ಅನುಸ್ವಾರ ಎಂಬ ಆರು ಸಂಕೇತಗಳ ಸಾಲು. ೞಕಾರದ ಆಕಾರವಿಲ್ಲದ ಫಾಂಟಿನಲ್ಲಿ ಅಲ್ಲೊಂದು ಖಾಲಿ ಚೌಕ ಕಾಣುತ್ತದೆ. ವ್ಯಂಜನ ಒಂದು ಫಾಂಟಿನಿಂದಲೂ ಅದರ ಚಿಹ್ನೆ ಮತ್ತೊಂದರಿಂದಲೂ ಬಂದರೆ ಅಕ್ಷರ ಒಡೆಯುತ್ತದೆ. ಆದಕಾರಣ ‘ಪೇೞ್ದಂ’, ‘ಬಾೞ್’, ‘ಏೞು’, ‘ಕಱೆ’, ‘ಮೂಱು’ ಇಂಥ ಹತ್ತಿಪ್ಪತ್ತು ಪದಗಳ ಒಂದು ಪರೀಕ್ಷಾಪತ್ರವನ್ನು ಸಿದ್ಧಮಾಡಿಕೊಂಡು, ಜೊತೆಗೆ ೱ, ೲ ಚಿಹ್ನೆಗಳನ್ನೂ ಅರ್ಕಾವತ್ತನ್ನೂ ಸೇರಿಸಿ, ಹೊಸ ಫಾಂಟನ್ನು ಅದರ ಮೇಲೆ ನೋಡುವುದು ಕ್ಷೇಮ. ‘ಧರ್ಮ’ ಶಬ್ದದಲ್ಲಿ ರೇಫವು ಸಂಕೇತಗಳ ಸಾಲಿನಲ್ಲಿ ಮಕಾರಕ್ಕಿಂತ ಮೊದಲು ಇದ್ದರೂ ತೆರೆಯ ಮೇಲೆ ಅರ್ಕಾವತ್ತಾಗಿ ಅನಂತರ ಕಾಣುತ್ತದೆ. ಪ್ರತಿಯಲ್ಲಿ ರಕಾರವೇ ನಿಂತು ಅದರ ಕೆಳಗೆ ಮಕಾರದ ಒತ್ತು ಇದ್ದರೆ, ರಕಾರದ ಬಳಿಕ ಕಾಣದ ಜೋಡಕವೊಂದನ್ನು ಇರಿಸಿ ‘ಧರ‍್ಮ’ ಎಂದು ಬರೆಯಲು ಅವಕಾಶವಿದೆ.

ಇಲ್ಲಿ ನಿಜವಾದ ಅಪಾಯ ಖಾಲಿ ಚೌಕವಲ್ಲ, ಅದನ್ನು ಕಂಡ ಸಂಪಾದಕನ ಅಸಹನೆ. ಚೌಕವನ್ನು ನೋಡಿ ಅಕ್ಷರ ಕೆಟ್ಟಿದೆಯೆಂದು ಭ್ರಮಿಸಿ ‘ಪೇಳ್ದಂ’ ಎಂದು ತಿದ್ದಿದರೆ, ಏಳೆಂಟು ಶತಮಾನ ಓಲೆಯಲ್ಲಿ ಉಳಿದ ಅಕ್ಷರವು ಒಂದು ನಿಮಿಷದಲ್ಲಿ ಅಳಿಯಿತು. ಚೌಕದ ಹಿಂದೆ ಸಂಕೇತವು ಸುರಕ್ಷಿತವಾಗಿಯೇ ಇರುತ್ತದೆ. ಫಾಂಟನ್ನು ಬದಲಿಸಿದರೆ ಅದು ಪ್ರತ್ಯಕ್ಷವಾಗುತ್ತದೆ. ತಿದ್ದಬೇಕಾದುದು ಉಪಕರಣವನ್ನೇ ಹೊರತು ಪಾಠವನ್ನಲ್ಲ.

ಹಸ್ತಪ್ರತಿಯ ಲಿಪಿಸ್ವರೂಪವನ್ನೇ ತೋರಿಸುವ ಸ್ವಂತ ಫಾಂಟನ್ನು ಮಾಡಿಕೊಳ್ಳಬೇಕೆಂಬ ಅಪೇಕ್ಷೆಯೂ ಸಹಜವಾದುದೇ. ಮುಕ್ತ ಪರವಾನಗಿಯುಳ್ಳ ಫಾಂಟುಗಳನ್ನು ‘ಫಾಂಟ್‌ಫೋರ್ಜ್’ ಎಂಬ ತಂತ್ರಾಂಶದಲ್ಲಿ ತೆರೆದು ಹೊಸ ಆಕಾರಗಳನ್ನು ಸೇರಿಸಬಹುದು. ಅಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಹನ್ನೆರಡನೆಯ ಶತಮಾನದ ಕೈಬರಹದ ೞಕಾರವನ್ನು ೞಕಾರದ ಸಂಖ್ಯೆಗೇ ತೊಡಿಸಬೇಕು. ಅನುಕೂಲಕ್ಕೆಂದು ಬೇರೊಂದು ಸಂಖ್ಯೆಗೆ ತೊಡಿಸಿದರೆ, ಗ್ರಂಥವು ಆ ಫಾಂಟಿನ ಸೆರೆಯಾಳಾಗಿ 1990ರ ದಶಕದ ಅನಾಹುತವೇ ಮರುಕಳಿಸುತ್ತದೆ.

ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಕೀರ್ತಿ ಪ್ರಸಿದ್ಧವೇ ಆಗಿದೆ. ಶಾಸ್ತ್ರದಾನದ ಫಲವು ಪ್ರತಿಗಳ ಸಂಖ್ಯೆಯಲ್ಲಿ ಮಾತ್ರವಲ್ಲ, ಪಡೆದವನು ಅದನ್ನು ಓದಬಲ್ಲವನಾಗುವುದರಲ್ಲಿದೆ. ಗಣಕದ ಪ್ರತಿಯನ್ನು ಸಾವಿರವಲ್ಲ, ಲಕ್ಷ ಮಾಡುವುದೂ ಸುಲಭ. ಆದರೆ ಆ ಪ್ರತಿಯೊಡನೆ ಸಂಪಾದಕನ ಫಾಂಟ್ ಹೋಗುವುದಿಲ್ಲ, ಸಂಕೇತಗಳು ಮಾತ್ರ ಹೋಗುತ್ತವೆ. ಆದುದರಿಂದ ಮುಂದೆ ಸಂಪಾದಿತವಾಗುವ ಗ್ರಂಥಗಳ ಪೀಠಿಕೆಯಲ್ಲಿ ಆಧಾರಪ್ರತಿಗಳ ವಿವರದೊಡನೆ, ಪಾಠವು ಯೂನಿಕೋಡ್ ಸಂಕೇತಗಳಲ್ಲಿಯೇ ಇದೆಯೆಂಬುದನ್ನೂ, ಱ, ೞ ಮೊದಲಾದ ಅಕ್ಷರಗಳು ಯಾವ ಫಾಂಟಿನಲ್ಲಿ ಪರೀಕ್ಷಿತವಾಗಿವೆಯೆಂಬುದನ್ನೂ, ಪ್ರತಿಯಲ್ಲಿದ್ದ ರಕಾರ ಳಕಾರಗಳನ್ನು ಎಲ್ಲೆಲ್ಲಿ ಬದಲಿಸಲಾಗಿದೆಯೆಂಬುದನ್ನೂ ನಮೂದಿಸುವ ಪದ್ಧತಿ ರೂಢಿಗೆ ಬರುವುದು ಅವಶ್ಯ.