ಉಸಿರಿಗೆ ಕಲಿಸಬೇಕಾದ ಪಾಠ

ಶ್ವಾಸರೋಗಕ್ಕೆ ಔಷಧವನ್ನು ಉಸಿರಿನ ದಾರಿಯಲ್ಲೇ ಕಳುಹಿಸಬೇಕೆಂಬ ತಿಳಿವಳಿಕೆ ಬಹಳ ಹಳೆಯದು. ಇಂಗ್ಲೆಂಡಿನ ವೈದ್ಯ ಜಾನ್ ಮಡ್ಜ್ ಎಂಬುವನು 1778ರಲ್ಲಿ ಮುಚ್ಚಳಕ್ಕೆ ಕೊಳವೆ ಜೋಡಿಸಿದ ಲೋಹದ ಪಾತ್ರೆಯೊಂದರಿಂದ ಹಬೆ ಸೇದುವ ವಿಧಾನವನ್ನು ವಿವರಿಸಿ, ಅದನ್ನು ‘ಇನ್‌ಹೇಲರ್’ ಎಂದು ಕರೆದನು. ನಮ್ಮ ದೇಶದಲ್ಲಿ ದತ್ತೂರಿಯನ್ನು ಸುಟ್ಟು ಅದರ ಹೊಗೆ ಸೇದುವ ರೂಢಿಯಿತ್ತು. 1802ರಲ್ಲಿ ಜನರಲ್ ಜೆಂಟ್ ಎಂಬ ಸೇನಾಧಿಕಾರಿ ಆ ಚಿಕಿತ್ಸೆಯನ್ನು ಮದರಾಸಿನಿಂದ ಬ್ರಿಟನ್ನಿಗೆ ಕೊಂಡೊಯ್ದನು. ಮುಂದೆ ಯುರೋಪಿನಲ್ಲಿ ‘ಆಸ್ತಮಾ ಸಿಗರೇಟು’ಗಳೇ ಮಾರಾಟಕ್ಕೆ ಬಂದವು. ದತ್ತೂರಿ ಶ್ವಾಸನಾಳಗಳನ್ನು ಸಡಿಲಿಸುತ್ತಿದ್ದುದು ನಿಜ. ಆದರೆ ಅದು ವಿಷ, ಅದರ ಪ್ರಮಾಣವೂ ಯಾರ ಹತೋಟಿಯಲ್ಲೂ ಇರಲಿಲ್ಲ.

ಆ ಹತೋಟಿ ದೊರೆತದ್ದು ಒಬ್ಬ ಬಾಲಕಿಯ ಪ್ರಶ್ನೆಯಿಂದ. ಅಮೆರಿಕದ ರೈಕರ್ ಔಷಧ ಸಂಸ್ಥೆಯ ಮುಖ್ಯಸ್ಥ ಜಾರ್ಜ್ ಮೇಸನ್ನನ ಹದಿಮೂರು ವರ್ಷದ ಮಗಳು ಸೂಸಿಗೆ ಆಸ್ತಮಾ ಇತ್ತು. ರಬ್ಬರ್ ಬುರುಡೆ ಹಿಸುಕಿ ಔಷಧ ಎಳೆಯುವ ಗಾಜಿನ ಉಪಕರಣದಿಂದ ಬೇಸತ್ತಿದ್ದ ಆಕೆ, ಕೂದಲಿಗೆ ಸಿಂಪಡಿಸುವ ಸ್ಪ್ರೇಯಂತೆ ಔಷಧವನ್ನೂ ಡಬ್ಬಿಯಲ್ಲಿ ಏಕೆ ತುಂಬಬಾರದೆಂದು 1955ರಲ್ಲಿ ಕೇಳಿದಳು. ಮರುವರ್ಷವೇ, ಒತ್ತಿದಾಗಲೆಲ್ಲ ಒಂದೇ ಅಳತೆಯ ಔಷಧ ಚಿಮ್ಮಿಸುವ ಇನ್‌ಹೇಲರ್ ಮಾರುಕಟ್ಟೆಗೆ ಬಂದಿತು. 1969ರಲ್ಲಿ ಸಾಲ್ಬ್ಯುಟಮಾಲ್, 1972ರಲ್ಲಿ ಬೆಕ್ಲೊಮೆಥಸೋನ್ ಎಂಬ ಔಷಧಗಳು ಇದೇ ದಾರಿ ಹಿಡಿದವು. ಪುಡಿಯನ್ನು ಸೇದುವ ಉಪಕರಣಗಳೂ ಆ ದಶಕದಲ್ಲಿ ಪ್ರಚಾರಕ್ಕೆ ಬಂದವು.

ಇಷ್ಟಾದರೂ ಒಂದು ಕೊರತೆ ಉಳಿಯಿತು. 1981ರಲ್ಲಿ ವಿಜ್ಞಾನಿಗಳು ಅಳೆದು ನೋಡಿದಾಗ, ಚಿಮ್ಮಿದ ಔಷಧದಲ್ಲಿ ಶ್ವಾಸಕೋಶ ತಲುಪಿದ್ದು ಹತ್ತನೆಯ ಒಂದು ಪಾಲಿಗಿಂತ ತುಸು ಕಡಿಮೆ. ಬಹುಪಾಲು ಬಾಯಿ, ಗಂಟಲುಗಳಲ್ಲೇ ಅಂಟಿಕೊಂಡಿತ್ತು. ವಿಧಾನ ತಪ್ಪಿದರೆ ಆ ಅಲ್ಪ ಪಾಲೂ ದಕ್ಕದು. 1975ರಿಂದ 2014ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಪರಿಶೀಲನೆಯೊಂದರ ಪ್ರಕಾರ, ಇನ್‌ಹೇಲರನ್ನು ಸರಿಯಾಗಿ ಬಳಸುವವರು ನೂರಕ್ಕೆ ಸುಮಾರು 31 ಮಂದಿ ಮಾತ್ರ. ನಲವತ್ತು ವರ್ಷಗಳಲ್ಲಿ ಉಪಕರಣಗಳು ಸುಧಾರಿಸಿದವು, ಬಳಸುವ ರೀತಿ ಸುಧಾರಿಸಲಿಲ್ಲ.

ಮಿತ್ರರೇ, ನಿಮ್ಮಲ್ಲಿ ಹಲವರ ಮನೆಗಳಲ್ಲಿ ಸೌದೆ ಒಲೆಯ ಹೊಗೆಯನ್ನೋ ಬೀಡಿಯ ಹೊಗೆಯನ್ನೋ ವರ್ಷಗಟ್ಟಲೆ ಕುಡಿದು ಉಬ್ಬಸಪಡುವ ಹಿರಿಯರಿರಬಹುದು. ಆದ್ದರಿಂದ ಈ ವ್ಯತ್ಯಾಸವನ್ನು ಗಮನದಲ್ಲಿಡಿ. ತುಂತುರಿನ ಇನ್‌ಹೇಲರನ್ನು ಮೊದಲು ಚೆನ್ನಾಗಿ ಕುಲುಕಬೇಕು. ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳನ್ನು ಬಿಗಿಹಿಡಿದು, ಉಸಿರೆಳೆಯಲು ಆರಂಭಿಸುವಾಗಲೇ ಒತ್ತಿ, ನಿಧಾನವಾಗಿ ಆಳವಾಗಿ ಎಳೆದುಕೊಳ್ಳಬೇಕು. ಪುಡಿಯದಾದರೆ ಇದಕ್ಕೆ ವಿರುದ್ಧ: ಕುಲುಕುವಂತಿಲ್ಲ, ಒಳಗೆ ಊದುವಂತಿಲ್ಲ, ಜೋರಾಗಿ ಆಳವಾಗಿ ಎಳೆಯಬೇಕು. ಅದರ ಕ್ಯಾಪ್ಸೂಲು ನುಂಗುವುದಕ್ಕಲ್ಲ. ಎರಡರಲ್ಲೂ ಹತ್ತು ಎಣಿಸುವವರೆಗೆ, ಸಾಧ್ಯವಾದಷ್ಟು ಹೊತ್ತು, ಉಸಿರು ಹಿಡಿದಿಡಬೇಕು. ಸ್ಟೀರಾಯ್ಡ್ ಇರುವ ಔಷಧವಾದರೆ ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕು. ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದಿಕೆಯಾಗದ ವೃದ್ಧರಿಗೆ ಸ್ಪೇಸರ್ ಎಂಬ ಕೊಳವೆ ಬಹಳ ಸಹಾಯಕ. ಅದನ್ನು ವೈದ್ಯರಲ್ಲಿ ಕೇಳಿ ಪಡೆಯಬಹುದು.

ವಿಧಾನ ತಪ್ಪಿದ್ದು ತಿಳಿಯದೆ, ಔಷಧವೇ ನಾಟುತ್ತಿಲ್ಲವೆಂದು ಕೈಬಿಡುವವರಿದ್ದಾರೆ. ಈ ವಿದ್ಯೆ ಚೀಟಿ ಓದಿ ಬರುವಂಥದಲ್ಲ. ಈಜಿನಂತೆ, ಮಾಡಿಯೇ ಕಲಿಯಬೇಕಾದದ್ದು, ಆಗಾಗ ಒಪ್ಪಿಸಬೇಕಾದದ್ದು. ಮುಂದಿನ ಸಲ ಹಿರಿಯರನ್ನು ಕಂಡಾಗ “ಔಷಧ ತೆಗೆದುಕೊಂಡಿರಾ?” ಎಂದು ಕೇಳಿ ಸುಮ್ಮನಾಗಬೇಡಿ. “ಹೇಗೆ ತೆಗೆದುಕೊಳ್ಳುತ್ತೀರಿ, ಒಮ್ಮೆ ತೋರಿಸಿ” ಎನ್ನಿ. ವೈದ್ಯರ ಬಳಿಗೆ ಕರೆದೊಯ್ಯುವಾಗ ಇನ್‌ಹೇಲರನ್ನೂ ಜೊತೆಗೊಯ್ದು, ಅವರೆದುರಿಗೂ ತೋರಿಸುವಂತೆ ಹೇಳಿ.