ವಿದ್ಯಾರ್ಥಿಪತ್ರಿಕೆಯೂ ಪತ್ರಿಕೆಯ ಕನ್ನಡವೂ

ಬೆಂಗಳೂರಿನ ಹೊರವಲಯದಲ್ಲಿ, ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತಮುತ್ತ, ಈಚೆಗೆ ಅನೇಕ ಕಾಲೇಜುಗಳು ತಲೆಯೆತ್ತಿವೆ. ಅಲ್ಲಿ ಓದುವವರಲ್ಲಿ ಯಂತ್ರವಿದ್ಯೆ, ಗಣಕವಿದ್ಯೆಗಳ ಅಭ್ಯಾಸಿಗಳು ಬಹುಮಂದಿ. ಇಂಥವರಿಗೆ ಕನ್ನಡಪತ್ರಿಕೆಯೊಂದು ಏತಕ್ಕೆಂದು ಕೇಳುವವರುಂಟು. ಈ ಪ್ರಶ್ನೆಗೆ ನೂರು ವರ್ಷಗಳ ಹಿಂದೆಯೇ ಅದೇ ಬೆಂಗಳೂರಿನಲ್ಲಿ ಉತ್ತರ ದೊರೆತಿದ್ದಿತು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ ಸಾಹಿತ್ಯಾದಿ ವಿಷಯಗಳು ಮುಖ್ಯವಾಗಿ ಮೈಸೂರಿನ ಮಹಾರಾಜರ ಕಾಲೇಜಿಗೂ, ವಿಜ್ಞಾನವು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೂ ಸಂದುವು. ಸಾಹಿತ್ಯಪತ್ರಿಕೆಯು ಹುಟ್ಟಬೇಕಾಗಿದ್ದುದು ಮೈಸೂರಿನಲ್ಲಿ. ಹುಟ್ಟಿದುದು ವಿಜ್ಞಾನದ ಕಾಲೇಜಿನಲ್ಲಿ. ಅಲ್ಲಿಯ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ತೆಗೆದರು. ಅದು ಎರಡು ವರ್ಷ ನಡೆದು ನಿಂತಿತು. ಮರುವರ್ಷ, 1919ರಲ್ಲಿ, ಅದೇ ಕಾಲೇಜಿನ ಕರ್ಣಾಟಕ ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ವೆಂಬ ತ್ರೈಮಾಸಿಕವು ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಹೊರಟಿತು. ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ‘ಸಂಸ್ಕೃತ ನಾಟಕ’ವನ್ನು ಬರೆದವರು. ಆದರೂ ಅವರ ಗದ್ಯವು ಸಮಾಸಭಾರದಿಂದ ಬಾಗಿದುದಲ್ಲ; 1950ರಲ್ಲಿ ಪ್ರಕಟವಾದ ‘ವಚನಭಾರತ’ವನ್ನು ಓದಿದವರು ಇದನ್ನು ಬಲ್ಲರು. ಪಾಂಡಿತ್ಯವುಳ್ಳವನೇ ಸರಳವಾಗಿ ಬರೆಯಲು ಧೈರ್ಯಗೊಳ್ಳುವನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಕಾಲೇಜಿನ ಅಂಗಳದಲ್ಲಿ ಹುಟ್ಟಿದ ಆ ಪತ್ರಿಕೆಯು 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯವನ್ನು ಪಡೆಯಿತು.

ದಿನಪತ್ರಿಕೆಗೆ ಇಲ್ಲದ ಒಂದು ಸೌಕರ್ಯ ಇಂಥ ಪತ್ರಿಕೆಗಳಿಗಿದ್ದಿತು. ಅದೆಂದರೆ ವಿರಾಮ. ರಾತ್ರಿ ಬಂದ ತಂತಿವಾರ್ತೆಯನ್ನು ಬೆಳಗಾಗುವುದರೊಳಗೆ ಕನ್ನಡಿಸಬೇಕಾದವನು ಕೈಗೆ ಸಿಕ್ಕ ಶಬ್ದವನ್ನು ಹಿಡಿಯುತ್ತಾನೆ. ಮೂರು ತಿಂಗಳಿಗೊಮ್ಮೆ ಬರೆಯುವವನು ನಾಲ್ಕು ಶಬ್ದಗಳನ್ನು ತೂಗಿ ನೋಡಬಲ್ಲನು. ಕಾಲೇಜಿನವರು ಹಾಗೆ ತೂಗಿ ಇಟ್ಟ ಹೆಸರು ಎಷ್ಟು ದೂರ ಹೋಗಬಹುದೆಂಬುದನ್ನು ‘ಆಕಾಶವಾಣಿ’ಯು ತೋರಿಸಿತು. ಮಹಾರಾಜರ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಸ್ಥಾಪಿಸಿದ ರೇಡಿಯೋ ಕೇಂದ್ರಕ್ಕೆ ಬಂದ ಆ ಹೆಸರು, ಮುಂದೆ ಭಾರತದ ರೇಡಿಯೋವಿಗೇ ಹೆಸರಾಯಿತು.

ಹೊರವಲಯದ ಊರುಗಳ ಹೆಸರುಗಳನ್ನೇ ಓದಿದರೆ ಈ ಶಬ್ದಚರಿತ್ರೆಯ ಮುಂದಿನ ಅಧ್ಯಾಯ ಕಾಣುತ್ತದೆ. ವೈಟ್‌ಫೀಲ್ಡಿಗೆ ಹೋಗುವ ಮಾರ್ಗದಲ್ಲಿ, ಕೃಷ್ಣರಾಜಪುರದ ಬಳಿ, 1948ರಲ್ಲಿ ಟೆಲಿಫೋನ್ ಕಾರ್ಖಾನೆ ಹುಟ್ಟಿತು. ಅದರ ಸುತ್ತಣ ವಸತಿಗೆ ‘ದೂರವಾಣಿನಗರ’ವೆಂಬ ಹೆಸರು ನಿಂತಿತು. ಮೂವತ್ತು ವರ್ಷಗಳು ಕಳೆದ ಮೇಲೆ, 1978ರಲ್ಲಿ, ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗರ ಯೋಜನೆಯಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ 332 ಎಕರೆಯ ನಗರವನ್ನು ಕಟ್ಟಿದಾಗ ಅದು ‘ಎಲೆಕ್ಟ್ರಾನಿಕ್ ಸಿಟಿ’ಯೇ ಆಯಿತು. ಮತಯಂತ್ರಕ್ಕೆ ‘ವಿದ್ಯುನ್ಮಾನ’ವೆಂಬ ವಿಶೇಷಣವನ್ನು ಹಚ್ಚುವ ಪತ್ರಿಕೆಗಳು ಈ ಊರನ್ನು ಮಾತ್ರ ವಿದ್ಯುನ್ಮಾನನಗರವೆನ್ನಲಿಲ್ಲ. (ಮಾನವೆಂದರೆ ಅಳತೆ, ಆ ಶಬ್ದವನ್ನು ಕಟ್ಟಿದವರು ಇದನ್ನು ಅಷ್ಟಾಗಿ ಗಣಿಸಿದಂತೆ ತೋರದು.) ಅಗ್ರಹಾರದ ಹೆಸರು ಅಳಿದೇಹೋಗಬಹುದಾಗಿದ್ದಿತು. ಆದರೆ 2025ರಲ್ಲಿ ಅಲ್ಲಿಗೆ ಮೆಟ್ರೋ ರೈಲು ಬಂದಾಗ ನಿಲ್ದಾಣದ ಹಲಗೆಯ ಮೇಲೆ ದಾನಿಸಂಸ್ಥೆಯ ಹೆಸರಿನ ಹಿಂದೆ ಕೋನಪ್ಪನೂ ಬಂದು ನಿಂತನು. ವೈಟ್‌ಫೀಲ್ಡಿನ ನಿಲ್ದಾಣದಲ್ಲಿ ಕಾಡುಗೋಡಿಗೆ 2023ರಲ್ಲಿ ದೊರೆತುದು ಆವರಣಚಿಹ್ನೆಯೊಳಗಣ ಸ್ಥಾನ.

ಪತ್ರಿಕೆಯ ಮಾತನ್ನು ಓದುಗರು ಹಗುರವಾಗಿ ಎಣಿಸುವುದಿಲ್ಲ. ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ವೆಂಬ ಅಂಕಣದಲ್ಲಿ ಶಬ್ದಸಂಶಯಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟರೂ ಕೇಳುವವರು ಮುಗಿಯಲಿಲ್ಲ. ಆದರೆ ವಿದ್ವಾಂಸರಿಗೆ ಪತ್ರ ಬರೆಯುವವರು ಓದುಬರಹ ಬಲ್ಲವರು. ಯಂತ್ರದ ಮುಂದೆ ನಿಂತವನ ಶಬ್ದಗಳು ಯಾವ ಅಂಕಣಕ್ಕೂ ಬಂದು ಸೇರುವುದು ಅಪೂರ್ವ.

ಪೀಣ್ಯದ ಕಾಲೇಜೊಂದು ವಿದ್ಯಾರ್ಥಿಪತ್ರಿಕೆಯನ್ನು ಯೋಜಿಸುವುದಾದರೆ ಕವಿತೆಗಳಿಂದಲೇ ಪುಟ ತುಂಬಬೇಕಾದ ಅಗತ್ಯವಿಲ್ಲ. ಮೊದಲು ಒಂದು ತಿಂಗಳ ದಿನಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಕಾರ್ಖಾನೆಯ ವಾರ್ತೆಗಳಲ್ಲಿ ಯಾವ ಶಬ್ದ ಸಂಸ್ಕೃತದಿಂದ ಕಟ್ಟಿದುದು, ಯಾವುದು ಇಂಗ್ಲಿಷಿನಿಂದ ಬಂದುದು, ಯಾವುದು ಕಾರ್ಖಾನೆಯೆಂಬ ಶಬ್ದದಂತೆ ಪಾರಸಿಯಿಂದ ಬಂದು ಪರಕೀಯವೆಂಬ ನೆನಪೇ ಇಲ್ಲದಂತೆ ಬೆರೆತುದು ಎಂಬುದನ್ನು ಬೇರ್ಪಡಿಸಬಹುದು. ಅನಂತರ ಆ ಪಟ್ಟಿಯನ್ನು ಹಿಡಿದು ಕಾರ್ಖಾನೆಯ ಬಾಗಿಲಿಗೆ ಹೋಗಬೇಕು. ಪತ್ರಿಕೆ ‘ಪಾಳಿ’ ಎಂದುದನ್ನು ಕೆಲಸದಾಳು ‘ಶಿಫ್ಟು’ ಎನ್ನುತ್ತಾನೆ. ಅವನು ತನ್ನ ಯಂತ್ರದ ಒಂದೊಂದು ಭಾಗಕ್ಕೆ ಏನೆನ್ನುತ್ತಾನೆಂಬುದನ್ನು ಕೇಳಿ, ತಿದ್ದದೆ ಬರೆದುಕೊಳ್ಳಬೇಕು. ತಿದ್ದಬೇಕೆಂಬ ಚಪಲವೇ ಇಲ್ಲಿ ದೊಡ್ಡ ಅಪಾಯ. ಕಡೆಯ ಪುಟವನ್ನು ಊರಹೆಸರುಗಳಿಗೆ ಬಿಡಬಹುದು: ಕಾರ್ಖಾನೆಗಳು ಬರುವುದಕ್ಕೆ ಮುಂಚೆ ಯಾವ ಕೆರೆಗೆ, ಯಾವ ತೋಪಿಗೆ, ಯಾವ ಹೊಲಕ್ಕೆ ಏನು ಹೆಸರಿದ್ದಿತೆಂಬುದನ್ನು ಬಲ್ಲ ವೃದ್ಧರು ಆ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಮೊದಲನೆಯ ಸಂಚಿಕೆಗೆ ಅವರನ್ನೇ ಮೊದಲು ಕಾಣುವುದು ಯುಕ್ತ. ಪತ್ರಿಕೆಗಳ ಕಡತವು ಮುಂದಿನ ವರ್ಷಕ್ಕೂ ಸಿಕ್ಕುತ್ತದೆ.