ಸೇನಾನಿಯ ಮಗನೂ ಒಬ್ಬ ಯುದ್ಧಕೈದಿ

1965ರ ಸೆಪ್ಟೆಂಬರ್ 22. ಭಾರತ-ಪಾಕಿಸ್ತಾನ ಯುದ್ಧ ಮುಗಿಯುವ ಹೊತ್ತು. ಭಾರತದ ಹಂಟರ್ ಯುದ್ಧವಿಮಾನವೊಂದು ಗುಂಡೇಟಿಗೆ ಸಿಕ್ಕಿ ಉರುಳಿತು. ಧುಮುಕುಕೊಡೆಯ ನೆರವಿನಿಂದ ಇಳಿದ ಪೈಲಟ್ ಪಾಕ್ ಸೈನಿಕರ ಕೈಗೆ ಸೆರೆಯಾದ. ಆತನ ಹೆಸರು ನಂದಾ ಕಾರ್ಯಪ್ಪ. ತಂದೆ, ಸ್ವತಂತ್ರ ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೋದಂಡೇರ ಮಾದಪ್ಪ ಕಾರ್ಯಪ್ಪ.

ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್, ದೇಶ ವಿಭಜನೆಗೆ ಮುನ್ನ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹಳೆಯ ಅಧಿಕಾರಿಯ ಮೇಲಿನ ಗೌರವದಿಂದ, ಮಗನನ್ನು ಬಿಟ್ಟುಕಳಿಸಲು ಸಿದ್ಧ ಎಂದು ಹೇಳಿಕಳಿಸಿದರು. ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವವರೆಲ್ಲರೂ ತಮ್ಮ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಇಲ್ಲವಾದರೆ ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂಬುದು ಅವರ ಉತ್ತರದ ಸಾರ.

ಕೇಳಲು ಸುಲಭವಾದ ಮಾತು, ಆಡಲು ಸುಲಭವಲ್ಲ. 1945ರಲ್ಲಿ ಪತ್ನಿಯಿಂದ ಬೇರೆಯಾಗಿದ್ದ ಅವರ ಪಾಲಿಗೆ ಸಂಸಾರವೆಂದರೆ ಮಗ ಮತ್ತು ಮಗಳು. ಆ ಮಕ್ಕಳ ತಾಯಿ 1948ರಲ್ಲಿ ಅಪಘಾತದಲ್ಲಿ ತೀರಿಕೊಂಡಿದ್ದರು. ಅರವತ್ತಾರರ ವಯಸ್ಸಿನ ತಂದೆಗೆ ಮಗ ಮನೆಗೆ ಬರುವುದು ಬೇಡವಾಗಿತ್ತೇ? ಆದರೆ ತನ್ನ ಮಗನೊಬ್ಬನೇ ಬಂದುಬಿಟ್ಟರೆ, ಉಳಿದ ಕೈದಿಗಳ ತಾಯ್ತಂದೆಯರ ಮುಖವನ್ನು ಹೇಗೆ ನೋಡುವುದು? ಈ ಪ್ರಶ್ನೆಯ ಮುಂದೆ ತಂದೆ ಸೋತ, ಸೇನಾನಿ ಗೆದ್ದ. ನಂದಾ ಬಿಡುಗಡೆಯಾಗಿದ್ದು ಉಳಿದವರಂತೆಯೇ, ನಾಲ್ಕು ತಿಂಗಳು ಸೆರೆಯಲ್ಲಿದ್ದು, 1966ರ ಜನವರಿಯಲ್ಲಿ. ಮುಂದೆ ಅವರು ಏರ್ ಮಾರ್ಷಲ್ ಹುದ್ದೆಗೇರಿದರು, ತಂದೆಯ ಜೀವನಚರಿತ್ರೆಯನ್ನೂ ಬರೆದರು.

ಈ ಕಟ್ಟುನಿಟ್ಟು ಒಂದು ದಿನದಲ್ಲಿ ಬಂದದ್ದಲ್ಲ. ಕೊಡಗಿನ ಶನಿವಾರಸಂತೆಯಲ್ಲಿ 1899ರ ಜನವರಿ 28ರಂದು ಹುಟ್ಟಿದ ಕಾರ್ಯಪ್ಪ, ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು ಕಲಿತವರು. ಬ್ರಿಟಿಷರು ಭಾರತೀಯರಿಗೆ ಪೂರ್ಣಾಧಿಕಾರದ ಕಮಿಷನ್ ನೀಡತೊಡಗಿದಾಗ, ಇಂದೋರಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಯಾದ ಮೊದಲ ತಂಡದಲ್ಲಿದ್ದರು. 1942ರಲ್ಲಿ ಬೆಟಾಲಿಯನ್ ಒಂದರ ನೇತೃತ್ವ ವಹಿಸಿದ ಮೊದಲ ಭಾರತೀಯರೆನಿಸಿದರು. 1948ರ ಕಾಶ್ಮೀರ ಕದನದಲ್ಲಿ ಜೋಜಿ ಲಾ, ದ್ರಾಸ್, ಕಾರ್ಗಿಲ್ ಮರಳಿ ಕೈವಶವಾದದ್ದು ಅವರು ಪಶ್ಚಿಮ ವಲಯದ ದಂಡನಾಯಕರಾಗಿದ್ದಾಗ.

1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಭೂಸೇನೆಯ ಚುಕ್ಕಾಣಿ ಕಾರ್ಯಪ್ಪನವರ ಕೈಗೆ ಬಂತು. ಅದರ ನೆನಪಿಗಾಗಿಯೇ ಪ್ರತಿವರ್ಷ ಆ ದಿನವನ್ನು ಸೇನಾ ದಿನವೆಂದು ಆಚರಿಸುತ್ತಾರೆ. 1953ರಲ್ಲಿ ನಿವೃತ್ತಿ, ಬಳಿಕ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಭಾರತದ ಹೈಕಮಿಷನರ್. ಅಲ್ಲಿಂದ ಮರಳಿದ ಮೇಲೆ ಮಡಿಕೇರಿಯ ‘ರೋಷನಾರಾ’ ಅವರ ಮನೆಯಾಯಿತು.

1986ರಲ್ಲಿ, 87ರ ವಯಸ್ಸಿನಲ್ಲಿ, ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಒಲಿಯಿತು. ಈ ಪದವಿ ಪಡೆದ ಭಾರತೀಯರು ಇಬ್ಬರೇ. ಇನ್ನೊಬ್ಬರು ಅವರಿಗಿಂತ ಮೊದಲೇ, 1973ರಲ್ಲಿ, ಆ ಗೌರವ ಪಡೆದ ಸ್ಯಾಮ್ ಮಾಣೆಕ್ ಷಾ. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿಯಿಲ್ಲ, ಬದುಕಿರುವಷ್ಟು ದಿನವೂ ಆತ ಸೈನಿಕನೇ.

1993ರ ಮೇ 15ರಂದು ಬೆಂಗಳೂರಿನಲ್ಲಿ ಕಾರ್ಯಪ್ಪ ಕಣ್ಮುಚ್ಚಿದರು. ಅಂತ್ಯಸಂಸ್ಕಾರ ನಡೆದದ್ದು ಮಡಿಕೇರಿಯಲ್ಲಿ. ಮೂರೂ ಸೇನೆಗಳ ಮುಖ್ಯಸ್ಥರೊಂದಿಗೆ ಮಾಣೆಕ್ ಷಾ ಕೂಡ ಅಂದು ಅಲ್ಲಿದ್ದರು. ಮಡಿಕೇರಿಯ ಕಾಲೇಜೊಂದು ಇಂದು ಕಾರ್ಯಪ್ಪನವರ ಹೆಸರು ಹೊತ್ತಿದೆ. ಅಲ್ಲಿ ಕಲಿಯುವ ಮಕ್ಕಳಿಗೆ ಪದವಿ, ಪದಕಗಳ ಪಟ್ಟಿಗಿಂತ ಮೊದಲು ಹೇಳಬೇಕಾದದ್ದು 1965ರ ಆ ಉತ್ತರವನ್ನು. ತನ್ನ ಮಗನಿಗೊಂದು ನ್ಯಾಯ, ಊರ ಮಕ್ಕಳಿಗೊಂದು ನ್ಯಾಯ ಬೇಡವೆಂದ ತಂದೆಯ ಉತ್ತರವದು.